ಮನೆಯಲ್ಲಿದ್ದ ಒಂದೇ ವೋಟು

ಮಸ್ಕತ್ತಿನ ಅಲ್ ಹೈಲ್‌ನ ಆ ಬಾಡಿಗೆ ಮನೆಯಲ್ಲಿ ನಾಲ್ಕು ಜನರಿದ್ದರು. ಕೂತಲ್ಲಿಂದ ಚಲಾಯಿಸಬಹುದಾದ ವೋಟು ಮಾತ್ರ ಒಂದೇ. ಅದು ಸೊಸೆ ಅನುವಿನದು, ಅದೂ ಬ್ರಿಟನ್ನಿನದು.

ಅನು ಮೈಸೂರಿನವಳು. ಮದುವೆಯಾದ ಹೊಸದರಲ್ಲೇ ಗಂಡ ಸಚ್ಚಿದಾನಂದನ ಜೊತೆ ಸ್ಕಾಟ್ಲೆಂಡಿನ ಆಬರ್ಡೀನಿಗೆ ಹೋಗಿದ್ದಳು. ಅವನು ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್, ಅವಳು ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ. ಮಗಳು ಐಶ್ವರ್ಯಾ ಹುಟ್ಟಿದ್ದು ಅಲ್ಲಿಯೇ. ಪೌರತ್ವದ ಮಾತು ಬಂದಾಗ ಸಚ್ಚಿದಾನಂದನೇ ತೀರ್ಮಾನ ಮಾಡಿದ್ದ: ಗದಗದ ಕಡೆಯ ಹೊಲ ತನ್ನ ಹೆಸರಿನಲ್ಲಿದೆ, ತಾನು ಭಾರತದವನಾಗಿಯೇ ಉಳಿಯುವುದು ಒಳ್ಳೆಯದು, ಹೆಂಡತಿ, ಮಗಳು ಬ್ರಿಟಿಷರಾಗಲಿ, ಮನೆಯಲ್ಲಿ ಎರಡೂ ಪಾಸ್‌ಪೋರ್ಟ್ ಇರಲಿ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಬಂದ ದಿನ ಅನು ಊಟ ಮಾಡಿರಲಿಲ್ಲ. ಆಮೇಲೆ ಒಮಾನಿನಲ್ಲಿ ದೊಡ್ಡ ಸಂಬಳದ ಕೆಲಸ ಸಿಕ್ಕಿತೆಂದು ಅವನು ಹೊರಟ, ಇವರೂ ಹೊರಟರು. ಆಸ್ಪತ್ರೆಯಲ್ಲಿ ಒಂದು ವಿಭಾಗವನ್ನೇ ನೋಡಿಕೊಳ್ಳುತ್ತಿದ್ದವಳು ಅಲ್ ಖೌದ್‌ನ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಟೆಕ್ನಿಷಿಯನ್ ಆದಳು. ಮಾವ ಹನುಮಪ್ಪ ತೀರಿಕೊಂಡ ಮೇಲೆ ಅತ್ತೆ ದ್ಯಾಮವ್ವನೂ ಊರಿನಿಂದ ಬಂದು ಸೇರಿಕೊಂಡಳು.

ಎರಡು ಸಾವಿರದ ಹದಿನೇಳರ ಏಪ್ರಿಲ್. ಎಣ್ಣೆಯ ಬೆಲೆ ಬಿದ್ದು ಮೂರನೆಯ ವರ್ಷ ನಡೆದಿತ್ತು. ಬೀದಿಯಲ್ಲಿ ವಾರಕ್ಕೊಂದು ಮನೆಯ ಸಾಮಾನು ಲಾರಿಗೆ ಏರುತ್ತಿತ್ತು. ಇನ್ನೂ ಹೊಸದಾಗಿಯೇ ಇದ್ದ ಸೋಫಾಗಳನ್ನು ಜನ ಕಸದ ತೊಟ್ಟಿಯ ಪಕ್ಕ ಬಿಟ್ಟು ಹೋಗುತ್ತಿದ್ದರು. ಸಚ್ಚಿದಾನಂದನ ಕಂಪನಿಯಲ್ಲಿ ಎರಡು ಸುತ್ತು ಜನರನ್ನು ತೆಗೆದಾಗಿತ್ತು.

ಶುಕ್ರವಾರದ ಊಟಕ್ಕೆ ರೊಟ್ಟಿ ಬಡಿಯುವುದು ದ್ಯಾಮವ್ವನ ಕೆಲಸ. ಅವಳು ಒಲೆಯ ಮುಂದೆ, ಉಳಿದವರು ಮೇಜಿನ ಸುತ್ತ. ಟಿವಿಯಲ್ಲಿ ಬ್ರಿಟನ್ನಿನ ಚುನಾವಣೆಯ ಸುದ್ದಿ ಬರುತ್ತಿತ್ತು. ಜೂನ್ ಎಂಟಕ್ಕೆ ಮತದಾನ.

"ನಿನ್ನ ಎಲೆಕ್ಷನ್ ಬಂತು ನೋಡು ಅನು," ಎಂದ ಸಚ್ಚಿದಾನಂದ, ಎಣಗಾಯಿ ಬಡಿಸಿಕೊಳ್ಳುತ್ತ. "ಇವತ್ತ ಹೆಸರು ಹಚ್ಚಿಬಿಡೋಣು. ದೇಶ ಬಿಟ್ಟು ಹದಿನೈದು ವರ್ಷ ಆಗೂತನಕ ನಿನಗ ವೋಟ್ ಐತಿ."

"ಹೋದ ಸಲಾನೂ ಇತ್ತು. ಆಗ ಯಾರೂ ನೆನಪು ಮಾಡ್ಲಿಲ್ಲ."

"ಆಗ ಬೇಕಿದ್ದಿಲ್ಲ. ಈಗ ಬೇಕಾಗೇತಿ. ಇಲ್ಲಿ ನಾ ಎಷ್ಟು ದಿನ ಇರ್ತೀನಿ ಗೊತ್ತಿಲ್ಲ. ತಿರುಗಿ ಆಬರ್ಡೀನಿಗೆ ಹೋಗಬೇಕಂದ್ರ ಅಲ್ಲಿ ಎಣ್ಣಿ ಕಂಪನಿ ಉಳೀಬೇಕು. ಅವುಗಳ ತೆರಿಗಿ ಇಳಿಸಿದವರು ಯಾರು? ಕನ್ಸರ್ವೇಟಿವ್‌ನವರು. ಈಗ ಆಳೋರೂ ಅವರ. ನಾವು ಅವರಿಗೇ ಹಾಕೋದು."

'ನೀನು ಹಾಕು' ಎನ್ನಲಿಲ್ಲ ಅವನು. 'ನಾವು ಹಾಕೋದು' ಎಂದ. ಅನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಡ್ಯಾಡ್, ಸ್ಪೌಸ್ ವೀಸಾ ರೂಲ್ ತಂದಿದ್ದೇ ಅವರು," ಎಂದಳು ಐಶ್ವರ್ಯಾ. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗಿ, ವೋಟು ಹಾಕುವ ವಯಸ್ಸು ಇನ್ನೂ ಆಗಿರಲಿಲ್ಲ. "ಯು ಕಾಂಟ್ ಈವನ್ ಎಂಟರ್."

"ಏನದು?" ಎಂದು ದ್ಯಾಮವ್ವ ಒಲೆಯ ಕಡೆಯಿಂದಲೇ ಕೇಳಿದಳು.

ಐಶ್ವರ್ಯಾ ತನಗೆ ಬಂದ ಕನ್ನಡದಲ್ಲಿ ಹೇಳಿದಳು. ಬ್ರಿಟಿಷ್ ಹೆಂಡತಿ ಬೇರೆ ದೇಶದ ಗಂಡನನ್ನು ಕರೆಸಿಕೊಳ್ಳಬೇಕೆಂದರೆ ಅವಳು ಅಲ್ಲಿ ಇಂತಿಷ್ಟು ದುಡಿಯುತ್ತಿರಬೇಕು. ಗಂಡ ಎಷ್ಟೇ ದೊಡ್ಡ ಎಂಜಿನಿಯರ್ ಆಗಿದ್ದರೂ, ಮುಂದೆ ಅವನಿಗೆ ಬರುವ ಸಂಬಳ ಲೆಕ್ಕಕ್ಕಿಲ್ಲ. ಮೊದಲು ಹೆಂಡತಿ ಹೋಗಬೇಕು, ಕೆಲಸ ಹಿಡಿಯಬೇಕು, ಆರು ತಿಂಗಳ ಸಂಬಳದ ಚೀಟಿ ತೋರಿಸಬೇಕು.

"ಹಂಗಾರ ಇವಳು ದುಡೀಬೇಕು, ನೀ ಇಲ್ಲಿ ಕಾಯಬೇಕು," ಎಂದಳು ದ್ಯಾಮವ್ವ ಮಗನಿಗೆ. "ಮತ್ತ ನಾನು?"

ಸಚ್ಚಿದಾನಂದ ಇನ್ನೊಂದು ರೊಟ್ಟಿಗೆ ಕೈಚಾಚಿದ.

"ನಾನು ಎಲ್ಲಿ ಅಂತ ಕೇಳಿದೆ."

ಸಚ್ಚಿದಾನಂದ ನೀರು ಕುಡಿದ. "ಅದನ್ನ ಆಮ್ಯಾಲೆ ನೋಡೋಣು ಅವ್ವಾ."

"ಅತ್ತೆ, ನಿಮಗೆ ಆ ದಾರಿ ಇಲ್ಲ," ಎಂದಳು ಅನು. "ಹೆತ್ತವರನ್ನೇ ಕರೆಸಿಕೊಳ್ಳೋದು ಕಷ್ಟ. ತಾವಾಗಿ ಸ್ನಾನ ಮಾಡೋಕೆ, ಬಟ್ಟೆ ಉಡೋಕೆ ಆಗದ ಸ್ಥಿತೀಲಿರಬೇಕು, ಊರಲ್ಲಿ ನೋಡಿಕೊಳ್ಳೋಕೆ ಯಾರೂ ಸಿಗಬಾರದು. ಅದೂ ನನ್ನ ಅಪ್ಪ ಅಮ್ಮ ಆಗಿದ್ರೆ. ಅತ್ತೆ ಅನ್ನೋ ಸಂಬಂಧ ಅವರ ಕಾನೂನಲ್ಲಿ ಇಲ್ಲವೇ ಇಲ್ಲ."

ದ್ಯಾಮವ್ವ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕೈಯಿಟ್ಟು ನಿಂತಳು. "ಇಷ್ಟು ವರ್ಷ ಆಕಿ ಕೈಯಾಗ ಉಂಡೀನಿ. ಆಕಿ ಬಾಣಂತನ ನಾ ಮಾಡೀನಿ, ಆ ಥಂಡಿ ದೇಶಕ್ಕ ಹೋಗಿ. ನಾ ಆಕಿಗೆ ಏನೂ ಅಲ್ಲ? ಯಾವನವನು ಹಂಗ ಕಾನೂನು ಬರದಾಂವ?"

ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಬಂತು. ಅನು ಎದ್ದು ಹೋಗಿ ಗ್ಯಾಸ್ ಆರಿಸಿದಳು.

ಮೇ ತಿಂಗಳಲ್ಲಿ ಸಚ್ಚಿದಾನಂದನ ಸರದಿ ಬಂತು. ಜುಲೈ ಕೊನೆಗೆ ಕೆಲಸ ಮುಗಿಯುತ್ತದೆ, ಅಲ್ಲಿಯವರೆಗೆ ಆಫೀಸಿಗೆ ಬರುವುದೂ ಬೇಡ ಎಂದು ಕಂಪನಿ ಹೇಳಿತು. ಅವನ ಜೊತೆಗೇ, ಕೆಳಗಿನ ಮನೆಯಲ್ಲಿದ್ದ ಕೇರಳದ ಜಾರ್ಜ್‌ಗೂ ಅದೇ ಮಾತು. ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದವರು. ಆ ದಿನ ಮನೆಯೆದುರು ಕಾರು ನಿಲ್ಲಿಸಿಕೊಂಡು ಬಹಳ ಹೊತ್ತು ಒಳಗೇ ಕೂತಿದ್ದರು. ಜಾರ್ಜ್‌ಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದುದರಿಂದ ಆಬರ್ಡೀನಿನಲ್ಲೇ ಸಣ್ಣ ಅವಧಿಯ ಒಂದು ಕೆಲಸ ಬೇಗ ಕುದುರಿತು. ಸಚ್ಚಿದಾನಂದನಿಗೆ ಮಸ್ಕತ್ತಿನಲ್ಲೇ ಇನ್ನೊಂದು ಕಂಪನಿ ಕರೆದಿತ್ತು. ಆದರೆ ವೀಸಾ ಕೊಡಿಸಿದ ಕಫೀಲ್, ಅಂದರೆ ಹಳೆಯ ಕಂಪನಿ, ಒಪ್ಪಿಗೆ ಪತ್ರ ಕೊಡದೆ ಅಲ್ಲಿಗೆ ಸೇರುವಂತಿರಲಿಲ್ಲ.

"ಕಫೀಲ್ ಎನ್‌ಒಸಿ ಕೊಡಂಗಿಲ್ಲಂತ," ಎಂದ ಅವನು ಶೂ ಬಿಚ್ಚುತ್ತ. "ತಾವೂ ಇಟ್ಕೊಳ್ಳಂಗಿಲ್ಲ, ಬ್ಯಾರೆ ಕಡೆ ಬಿಡಂಗೂ ಇಲ್ಲ. ಖಲಾಸ್."

"ಯಾಕ ಕೊಡಂಗಿಲ್ಲ? ನೀ ಏನ್ ಅವರ ಮನ್ಯಾಗಿನ ಎತ್ತೇನು?" ಎಂದು ದ್ಯಾಮವ್ವ ರೇಗಿದಳು.

"ನನ್ನ ಕೇಳಬ್ಯಾಡ ಅವ್ವಾ. ನಾನೂ ಅದನ್ನ ಕೇಳೇ ಬಂದೀನಿ."

ಅಂದಿನಿಂದ ಮನೆಯ ಅಡುಗೆ ಬದಲಾಯಿತು. ಮೀನು ನಿಂತಿತು, ಹಣ್ಣು ವಾರಕ್ಕೊಮ್ಮೆ. ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಬಿಡಿಸಿದರು. ಕ್ಲಿನಿಕ್ಕಿನಲ್ಲಿ ಅನುವಿನ ಪಾಳಿ ಉದ್ದವಾಯಿತು, ಸಂಬಳ ಗಿಡ್ಡವಾಯಿತು. ಮನೆಗೆ ಬಂದು ಅವಳು ಪಾತ್ರೆ ತೊಳೆಯುತ್ತಿದ್ದಳು. ಹಗಲೆಲ್ಲ ಮನೆಯಲ್ಲಿದ್ದ ಗಂಡ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಹುಡುಕುತ್ತಿದ್ದ. ಹುಡುಕುವುದೂ ಒಂದು ಕೆಲಸವೇ ಎನ್ನುತ್ತಿದ್ದ. ಇರಬಹುದು. ಆದರೆ ಅವನು ಕುಡಿದ ಚಹಾದ ಲೋಟಗಳು ಸಂಜೆಯವರೆಗೂ ಅಲ್ಲೇ ಇರುತ್ತಿದ್ದವು.

ವೋಟಿನ ಅರ್ಜಿಯನ್ನು ಅವನೇ ತುಂಬಿದ. ಅನು ಸಹಿ ಹಾಕಿದಳು. ಮತಪತ್ರ ಅಂಚೆಯಲ್ಲಿ ಬರಲಿ ಎಂದು ಅವನೇ ಗುರುತು ಮಾಡಿ, ತನ್ನ ಕಂಪನಿಯ ಪೋಸ್ಟ್ ಬಾಕ್ಸ್ ವಿಳಾಸ ಕೊಟ್ಟ. ಒಮಾನಿನಲ್ಲಿ ಮನೆಬಾಗಿಲಿಗೆ ಕಾಗದ ಬರುವುದಿಲ್ಲ.

"ಡಾಲಿ ಹೆಸರು ಕೊಟ್ಟಿದ್ರೆ ನನ್ನ ಪರವಾಗಿ ಅವಳೇ ಹೋಗಿ ಹಾಕ್ತಿದ್ಲು. ಅದಕ್ಕೂ ಅವಕಾಶ ಇದೆ," ಎಂದಳು ಅನು. ಡಾಲಿ ಮಂಗಳೂರಿನವಳು. ಆಬರ್ಡೀನಿನ ಲ್ಯಾಬಿನಲ್ಲಿ ಜೊತೆಗಿದ್ದವಳು, ಇಂದಿಗೂ ಅಲ್ಲೇ ಇದ್ದಾಳೆ.

"ಮಂದಿ ಕೈಗೆ ಯಾಕ? ಮನ್ಯಾಗ ಕುಂತು ಹಾಕೋಣು."

ಅನು ವಾದ ಮಾಡಲಿಲ್ಲ. ಆದರೆ ವೋಟು ತನ್ನದು ಎನ್ನುವುದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಕ್ಲಿನಿಕ್ಕಿನಲ್ಲಿ ಬಿಡುವಾದಾಗ ತಾನೇ ಓದಿದಳು, ಅಡುಗೆ ಮಾಡುವಾಗ ಮಗಳನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ಪಕ್ಷದ ಪ್ರಣಾಳಿಕೆ ಓದಿಸಿದಳು. ಓದಿದಷ್ಟೂ ಸಿಟ್ಟು ಬಂತು. ಆಳುವ ಪಕ್ಷ, ಗಂಡನನ್ನು ಕರೆಸಿಕೊಳ್ಳಲು ಹೆಂಡತಿ ದಾಟಬೇಕಾದ ಗಳಿಕೆಯ ಗೆರೆಯನ್ನು ಇನ್ನೂ ಮೇಲೆ ಏರಿಸುತ್ತೇವೆ ಎಂದು ಬರೆದಿತ್ತು. ಅದನ್ನು ಓದಿದ ಐಶ್ವರ್ಯಾ, "ದಿಸ್ ಈಸ್ ಅಬೌಟ್ ಡ್ಯಾಡ್, ಅಮ್ಮ," ಎಂದಳು. ಮಗಳ ವಿಷಯವೂ ಅಷ್ಟಕ್ಕಷ್ಟೇ. ಅಲ್ಲೇ ಹುಟ್ಟಿದವಳು, ಅಲ್ಲಿನ ಪಾಸ್‌ಪೋರ್ಟ್ ಇದ್ದವಳು, ಆದರೆ ಇಷ್ಟು ವರ್ಷ ಹೊರಗಿದ್ದದ್ದರಿಂದ ಕಾಲೇಜಿಗೆ ಹೊರದೇಶದವರ ಫೀಸು ಕಟ್ಟಬೇಕು.

ಅನು ಡಾಲಿಗೆ ಫೋನ್ ಮಾಡಿದಳು.

"ಯಾರಿಗೆ ಹಾಕ್ಬೇಕು ಹೇಳು ಡಾಲಿ. ಆಳೋರು ನನ್ನ ಗಂಡನ್ನ ಹೊರಗಿಡ್ತಾರೆ. ಲೇಬರ್‌ನವರು ಆ ಗೆರೆ ತೆಗೀತೀವಿ ಅಂತಾರೆ, ಆದ್ರೆ ನಮ್ಮ ಕಡೆ ಅವರು ಗೆಲ್ಲೋ ಹಾಗೆ ಕಾಣಲ್ಲ. ಈಗ ಗೆದ್ದಿರೋ ಸ್ಕಾಟಿಷ್ ನ್ಯಾಷನಲ್‌ನವರಿಗೆ ದೇಶಾನೇ ಬೇರೆ ಮಾಡೋ ಯೋಚನೆ. ಆಮೇಲೆ ನನ್ನ ಪಾಸ್‌ಪೋರ್ಟ್ ಯಾವ ದೇಶದ್ದು? ಇದ್ದಿದ್ದೊಂದನ್ನ ಒಪ್ಪಿಸಿ ಇದನ್ನ ತಗೊಂಡೋಳು ನಾನು."

"ನಮಗೂ ಇಲ್ಲಿ ತಲೆಬಿಸಿ ಮಾರಾಯ್ತಿ," ಎಂದಳು ಡಾಲಿ. "ಲೇಬರ್‌ಗೆ ಹಾಕಿದ್ರೆ ವೋಟು ಒಡೆದು ಈಗ ಆಳುವವರೇ ಬರ್ತಾರೆ ಅಂತ ಒಬ್ಬರು ಹೇಳ್ತಾರೆ, ಹಾಕದಿದ್ರೆ ಲೇಬರ್ ಯಾವಾಗ ಬರೋದು ಅಂತ ಇನ್ನೊಬ್ಬರು. ಬೇಡದವರನ್ನು ಓಡಿಸ್ಲಿಕ್ಕೇ ವೋಟು ಹಾಕುದಾ, ಬೇಕಾದವರನ್ನು ತರ್ಲಿಕ್ಕೆ ಹಾಕುದೇ ಇಲ್ವಾ? ನನಗೆ ಗೊತ್ತಿಲ್ಲ. ನೀನು ಯೋಚನೆ ಮಾಡು. ಮತ್ತೆ, ನಮ್ಮ ಲ್ಯಾಬಲ್ಲಿ ಒಂದು ಜಾಗ ಖಾಲಿ ಉಂಟು, ಅರ್ಜಿ ಹಾಕ್ತೀಯಾ?"

ಅನು ಅರ್ಜಿ ಹಾಕಿದಳು. ಮನೆಯಲ್ಲಿ ಹೇಳಿದಾಗ ಸಚ್ಚಿದಾನಂದನ ಮುಖ ಅರಳಿತು. "ಛೊಲೋ ಆತು! ನೀ ಸೆಪ್ಟೆಂಬರಿಗೆ ಹೋದ್ರ ಮಾರ್ಚಿನಾಗ ನನ್ನ ಅರ್ಜಿ ಹಾಕಬೌದು. ಅಲ್ಲೀತನಕ ನಾ ಗದಗದಾಗ ಇರ್ತೀನಿ. ಆಮ್ಯಾಲೆ ಅವ್ವಗ ಒಬ್ಬಾಕೀನ್ನ ಇಟ್ಟರಾತು, ಅಡಗಿಗೆ."

ದ್ಯಾಮವ್ವ ಕೇಳಿಸಿದರೂ ಕೇಳಿಸದ ಹಾಗೆ ಟಿವಿ ನೋಡುತ್ತಿದ್ದಳು. ಅನು ಅತ್ತೆಯ ಮುಖ ನೋಡಿದಳು.

ರಂಜಾನ್ ಬಂತು. ಕ್ಲಿನಿಕ್ಕು ಬೆಳಗ್ಗೆ ಸ್ವಲ್ಪ ಹೊತ್ತು, ಮತ್ತೆ ಉಪವಾಸ ಬಿಟ್ಟ ಮೇಲೆ. ಹಗಲಿನ ರಸ್ತೆಗಳು ಬಿಕೋ ಎನ್ನುತ್ತಿದ್ದವು. ಜೂನ್ ತಿಂಗಳು ಶುರುವಾದರೂ ಮತಪತ್ರ ಬಂದಿರಲಿಲ್ಲ. ಅನು ದಿನವೂ ಕೇಳುತ್ತಿದ್ದಳು. "ಬಂದ್ರ ತರ್ತೀನಿ" ಎನ್ನುತ್ತಿದ್ದ ಸಚ್ಚಿದಾನಂದ.

ಒಂದು ಸಂಜೆ ಅಂಗಡಿಯಲ್ಲಿ ಖರ್ಜೂರದ ಪೆಟ್ಟಿಗೆಗಳ ಹತ್ತಿರ ಇಸುಬು ಸಿಕ್ಕ. ಉಳ್ಳಾಲದ ಕಡೆಯವನು, ಸಚ್ಚಿದಾನಂದನ ಕಂಪನಿಯ ಡ್ರೈವರ್. ಪೋಸ್ಟ್ ಬಾಕ್ಸಿನಿಂದ ಕಾಗದ ತರುವುದೂ ಅವನ ಕೆಲಸವೇ.

"ಇಸುಬು, ನನ್ನ ಹೆಸರಿಗೆ ಒಂದು ಲಕೋಟೆ ಬರಬೇಕಿತ್ತು, ಬ್ರಿಟನ್ನಿಂದ. ಬಂದ್ರೆ ಹೇಳ್ತೀರಾ?"

"ಅದು ಬಂದಾಯ್ತಲ್ಲಾ ಅಕ್ಕ," ಎಂದ ಇಸುಬು. "ಮೊನ್ನೆಯೇ ಸಾರ್ ಕೈಗೆ ಕೊಟ್ಟಿದ್ದೇನೆ. ಮೇಡಮ್ಮಿನದ್ದು, ಅರ್ಜೆಂಟುಂಟು ಅಂತ ಹೇಳಿ ಕೊಟ್ಟದ್ದು. ಕೊಡ್ಲಿಲ್ವಾ?"

ಅನು ಬುಟ್ಟಿಯನ್ನು ಅಲ್ಲೇ ಇಟ್ಟು ಮನೆಗೆ ನಡೆದಳು.

ದ್ಯಾಮವ್ವ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಐಶ್ವರ್ಯಾ ಬಟ್ಟೆ ಮಡಚುತ್ತಿದ್ದಳು. ಸಚ್ಚಿದಾನಂದ ಯಾರಿಗೋ ಮೇಲ್ ಬರೆಯುತ್ತಿದ್ದ.

"ನನ್ನ ಲಕೋಟೆ ಎಲ್ಲಿ?"

ಅವನು ತಲೆಯೆತ್ತಿದ. ಈ ಸಲ ಮುಚ್ಚಿಡಲಿಲ್ಲ. ಪಕ್ಕದ ಬ್ಯಾಗಿನಿಂದ ತೆಗೆದು ಕೊಟ್ಟ. "ಇವತ್ತ ಹೇಳೋನಿದ್ದೆ. ಇಲ್ಲೊಂದು ಸಹಿ, ಹುಟ್ಟಿದ ತಾರೀಖು. ಅಷ್ಟ ಉಳದೈತಿ ನೋಡು. ಜಾರ್ಜ್ ಮಂಗಳವಾರ ಹೊಂಟಾನ, ಅವನ ಕೈಯಾಗ ಕೊಟ್ಟು ಕಳಸೋಣು."

ಅನು ಮತಪತ್ರ ಬಿಡಿಸಿದಳು. ನಾಲ್ಕು ಹೆಸರುಗಳಿದ್ದವು. ಕನ್ಸರ್ವೇಟಿವ್ ಅಭ್ಯರ್ಥಿಯ ಮುಂದಿನ ಚೌಕದಲ್ಲಿ ನೀಲಿ ಪೆನ್ನಿನಿಂದ ಮತದ ಕತ್ತರಿ ಗುರುತು ಎಳೆದಾಗಿತ್ತು. ನೇರವಾದ, ಎಂಜಿನಿಯರನ ಗೀಟುಗಳು.

"ಇದನ್ನ ಯಾರು ಹಾಕಿದ್ದು?"

"ನಾನ. ನಿನಗ ತ್ರಾಸ ಬ್ಯಾಡಂತ. ಕ್ಲಿನಿಕ್, ಮನಿ, ನೀನೂ ದಣಿದಿರ್ತಿ..."

"ನನಗೆ ತ್ರಾಸ ಬೇಡ ಅಂತ?" ಅನು ಅವನ ಪಕ್ಕದ ಚಹಾದ ಲೋಟ ತೋರಿಸಿದಳು. "ಆ ಲೋಟ ತೊಳೆದಿಡಿ, ನನ್ನ ತ್ರಾಸ ಕಡಿಮೆಯಾಗುತ್ತೆ. ಬಟ್ಟೆ ಒಣಗಿಸಿ. ಅದ್ಯಾವುದೂ ನಿಮಗೆ ಕಾಣಲ್ಲ. ನನ್ನ ಪರವಾಗಿ ಮಾಡೋಕೆ ನಿಮಗೆ ಸಿಕ್ಕಿದ್ದು ಇದೊಂದೇನಾ?"

"ಒದರಬ್ಯಾಡ ಅನು. ಮನಿ ಸಲುವಾಗಿ ಮಾಡೀನಿ. ನಾ ತಿರುಗಿ ಕೆಲಸಕ್ಕ ನಿಲ್ಲಬೇಕಂದ್ರ..."

"ನೀವು ಅಲ್ಲಿ ಇಳಿಯೋಕೇ ಬಿಡಲ್ಲ ಅಂತ ಬರೆದುಕೊಂಡಿದಾರೆ ಅವರು! ಮಗಳು ಓದಿ ಹೇಳಿದ್ಲು. ಕೇಳಿಸ್ಕೊಂಡ್ರಾ? ಪಾಸ್‌ಪೋರ್ಟ್ ಬದಲಾಯಿಸು ಅಂದ್ರಿ, ಬದಲಾಯಿಸಿದೆ. ಆಸ್ಪತ್ರೆ ಕೆಲಸ ಬಿಡು ಅಂದ್ರಿ, ಬಿಟ್ಟೆ. ಈಗ ಹೋಗಿ ದುಡಿ, ನನ್ನ ಕರೆಸ್ಕೊ ಅಂತೀರಿ. ಹೋಗ್ತೀಯಾ ಅಂತ ಒಂದ್ಸಲ ಕೇಳಿದೀರಾ? ಆ ದೇಶ ನನ್ನ ಕೇಳಿದ್ದು ಇದೊಂದೇ ಪ್ರಶ್ನೆ. ಅದಕ್ಕೂ ಉತ್ತರ ನೀವೇ ಬರೆದುಬಿಟ್ರಿ."

"ನಾ ಏನ್ ಕಳ್ಳತನ ಮಾಡೀನೇನು?"

"ಮಾಡೀದಿ," ಎಂದಳು ದ್ಯಾಮವ್ವ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸೊಪ್ಪನ್ನು ಅತ್ತ ಸರಿಸಿ, ಗೋಡೆ ಹಿಡಿದು ಎದ್ದಳು. ಮುಖ ಕೆಂಪಾಗಿತ್ತು.

"ಮಾಡೀದಿ ನೀ ಕಳ್ಳತನ. ಆಕಿದು ಅದು. ನಿಮ್ಮಪ್ಪ ಹೊಚ್ಚಲದಾಗ ನಿಂತು ಇಂಥಾ ಗುರುತಿಗೆ ಹಾಕು ಅಂತ ಪ್ರತಿ ಸಲ ಹೇಳಿ ಕಳಸ್ತಿದ್ದ. ಗೌಡರು ಟ್ರ್ಯಾಕ್ಟರ್ ಕಳಿಸಿ, ಹತ್ತುವಾಗ ಒಮ್ಮೆ ಹೇಳೋರು, ಇಳಿಯುವಾಗ ಒಮ್ಮೆ ಹೇಳೋರು. ನಾ ಎಲ್ಲಾರಿಗೂ ಹ್ಞೂಂ ಅಂತಿದ್ದೆ. ಒಳಗ ಹ್ವಾದ ಮ್ಯಾಲೆ ನನಗ ಬೇಕಾದವರಿಗೆ ಒತ್ತಿ ಬರ್ತಿದ್ದೆ. ನಿಮ್ಮಪ್ಪಗ ಸಾಯೂತನಕ ಗೊತ್ತಾಗ್ಲಿಲ್ಲ. ಅವ ಹೇಳ್ತಿದ್ದ, ಖರೆ. ಆದ್ರ ನನ್ನ ಕೈ ಹಿಡಿದು ಒತ್ತಸ್ಲಿಲ್ಲ. ನೀ ಕಲತಾಂವ, ನಾಕು ದೇಶ ನೋಡಿದಾಂವ. ನಿಮ್ಮಪ್ಪನ್ನೂ ಮೀರಿಸಿದಿ."

"ಅವ್ವಾ, ನಿನಗ ತಿಳಿಯಂಗಿಲ್ಲ..."

"ನಂಗ ಎಲ್ಲಾ ತಿಳೀತೈತಿ. ನಿಮ್ಮ ಲೆಕ್ಕದಾಗ ನಾ ಎಲ್ಲೂ ಇಲ್ಲ ಅನ್ನೂದೂ ತಿಳೀತೈತಿ. ಅಡಗಿಗೆ ಒಬ್ಬಾಕೀನ್ನ ಇಡ್ತಾನಂತ! ಅದರೊಳಗ ಇದು ಬ್ಯಾರೆ."

ಸಚ್ಚಿದಾನಂದ ಎದ್ದು ಬಾಲ್ಕನಿಗೆ ಹೋದ. ಹೊರಗೆ ಕಾದ ಗಾಳಿ. ಐಶ್ವರ್ಯಾ ಅಮ್ಮನ ಕೈಯಿಂದ ಮತಪತ್ರ ತೆಗೆದುಕೊಂಡು, ಫೋನಿನಲ್ಲಿ ಚುನಾವಣಾ ಆಯೋಗದ ಪುಟ ಹುಡುಕಿದಳು. ಬೇರೆ ಮತಪತ್ರ ತರಿಸಿಕೊಳ್ಳಲು ಸಮಯವಿಲ್ಲ. ಆದರೆ ತಪ್ಪು ಗುರುತನ್ನು ಹೊಡೆದುಹಾಕಿ, ಯಾರಿಗೆಂದು ಸ್ಪಷ್ಟವಾಗಿ ತೋರುವ ಹಾಗೆ ಇನ್ನೊಂದು ಗುರುತು ಹಾಕಿದರೆ ಎಣಿಸುವವರು ಒಪ್ಪಬಹುದು.

"ಒಪ್ಪಬಹುದು ಅಷ್ಟೇನಾ?"

"ಮೇ ಬಿ, ಅಮ್ಮ. ನಾಟ್ ಶೂರ್."

ಅನು ಮತಪತ್ರ ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡನ ನೀಲಿ ಗೀಟುಗಳ ಮೇಲೆ ಪೆನ್ನಿನಿಂದ ಅಡ್ಡಡ್ಡ ಎಳೆದಳು, ಕಾಗದ ಹರಿಯುವಷ್ಟು ಒತ್ತಿ ಎಳೆದಳು. ಆಮೇಲೆ ಉಳಿದ ಮೂರು ಹೆಸರುಗಳ ಮುಂದೆ ಬಹಳ ಹೊತ್ತು ಕೂತಳು. ಯಾರೂ ಅವಳಿಗೆ ಬೇಕಾದವರಲ್ಲ. ಒಬ್ಬರು ಬೇಕಾದ ಮಾತು ಹೇಳುತ್ತಾರೆ, ಗೆಲ್ಲುವ ಹಾಗಿಲ್ಲ. ಗೆಲ್ಲಬಲ್ಲವರು ಅವಳಿಗೆ ಬೇಡದ ಮಾತು ಹೇಳುತ್ತಾರೆ. ಇನ್ನೊಬ್ಬರು ಲೆಕ್ಕಕ್ಕೇ ಇಲ್ಲ. ಇಷ್ಟು ದೂರದಲ್ಲಿ ಕೂತ ಒಬ್ಬಳಿಗೆ ಇಷ್ಟು ಕಷ್ಟದ ಪ್ರಶ್ನೆ ಕೇಳಿ, ಮೂರು ಸಣ್ಣ ಚೌಕಗಳನ್ನು ಕೊಟ್ಟಿದ್ದರಲ್ಲ ಎಂದು ಅವಳಿಗೆ ರೇಗಿತು. ಕೊನೆಗೆ ಒಂದಕ್ಕೆ ಗುರುತು ಹಾಕಿದಳು. ಲಕೋಟೆ ಅಂಟಿಸಿ, ಸಹಿ ಹಾಕಿ, ತಾನೇ ಕೆಳಗಿಳಿದು ಹೋಗಿ ಜಾರ್ಜ್ ಕೈಗೆ ಕೊಟ್ಟಳು. ಯಾರಿಗೆ ಹಾಕಿದಳೆಂದು ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

"ಮತಗಟ್ಟೆಗೆ ಹೋಗಿ ನಾನೇ ಕೊಡ್ತೇನೆ ಚೇಚಿ, ಬ್ಯಾಗೇಜಲ್ಲಿ ಹಾಕಲ್ಲ," ಎಂದು ಜಾರ್ಜ್ ಅದನ್ನು ತನ್ನ ಕೈಚೀಲದೊಳಗೆ ಇಟ್ಟುಕೊಂಡ.

ಶುಕ್ರವಾರ ಬೆಳಗ್ಗೆ ಫಲಿತಾಂಶ ಬಂದಿತ್ತು. ಅನು ಉಪ್ಪಿಟ್ಟು ಕಲಸುತ್ತಿದ್ದಳು. ಗಂಡಹೆಂಡಿರ ನಡುವೆ ನಾಲ್ಕಾರು ದಿನದಿಂದ ಮಾತು ಕಡಿಮೆ. ಬ್ರಿಟನ್ನಿನಲ್ಲಿ ಯಾರಿಗೂ ಬಹುಮತವಿಲ್ಲ, ಆಳುವ ಪಕ್ಷ ಕುಂಟುತ್ತ ಮತ್ತೆ ಸರ್ಕಾರ ಮಾಡಲು ಹೊರಟಿದೆ ಎಂದು ಟಿವಿ ಹೇಳುತ್ತಿತ್ತು. ಐಶ್ವರ್ಯಾ ಫೋನಿನಲ್ಲಿ ತಮ್ಮ ಕ್ಷೇತ್ರ ಹುಡುಕಿದಳು.

"ಅಲ್ಲಿ ಕನ್ಸರ್ವೇಟಿವ್ ಗೆದ್ದಿದೆ," ಎಂದಳು ಮೆಲ್ಲಗೆ. "ಸಾವಿರಗಟ್ಟಲೆ ಅಂತರ."

ಸಚ್ಚಿದಾನಂದ ಖುಷಿಪಡಲಿಲ್ಲ. ತಟ್ಟೆ ನೋಡುತ್ತ ಕೂತ.

"ನಿನ್ನ ಮಂದಿ ಗೆದ್ದರಲ್ಲ," ಎಂದಳು ದ್ಯಾಮವ್ವ. "ಈಗ ನಿನ್ನ ಒಳಗ ಬಿಟ್ಕೋತಾರೇನು?"

"ಇಲ್ಲ ಅವ್ವಾ." ಅವನು ಅನುವಿನ ಕಡೆ ನೋಡಿದ. "ನಾ ತಪ್ಪು ಮಾಡ್ದೆ. ಆದ್ರ ಈಗ ಆಗೂದು ನೋಡಬೇಕು. ಅವರು ಆ ಗೆರಿ ಏರಸೂದ್ರೊಳಗ ನನ್ನ ಅರ್ಜಿ ಹೋಗಬೇಕು. ನೀ ಲಗೂನ ಹೋದ್ರ..."

"ಡಾಲಿ ಲ್ಯಾಬ್‌ನಿಂದ ನಿನ್ನೆ ಕರೆ ಬಂತು. ಕೆಲಸ ಆಗಿದೆ," ಎಂದಳು ಅನು. "ಹೋಗ್ತೀನಿ. ಐಶೂನ ಕರ್ಕೊಂಡು ಹೋಗ್ತೀನಿ. ಆದ್ರೆ ನಿಮ್ಮ ವೀಸಾಗೋಸ್ಕರ ಅಲ್ಲ. ಅದು ನಾನು ಕಲಿತ ಕೆಲಸ, ಬಿಟ್ಟುಬಂದ ದಿನದಿಂದ ನನಗೆ ಅದು ಬೇಕಿತ್ತು. ಅದಕ್ಕೆ ಹೋಗ್ತೀನಿ. ಇವಳು ಅಲ್ಲಿ ವಾಸ ಇದ್ದು, ಹೊರಗಿನವಳು ಅನ್ನಿಸ್ಕೊಳ್ದೆ ಓದಲಿ. ನೀವು ಗದಗಕ್ಕೆ ಹೋಗಿ. ಅತ್ತೆ ಜೊತೆ ಇರೋದು ನೀವು, ಅಡುಗೆಯವಳಲ್ಲ. ನಿಮ್ಮ ಅರ್ಜಿ ಹಾಕೋದಾ ಬೇಡವಾ ಅಂತ ಮಾರ್ಚಿನಲ್ಲಿ ಮಾತಾಡೋಣ. ಇಬ್ಬರೂ ಕೂತು."

"ನಂಗ ಅಡಗಿ ಬರಂಗಿಲ್ಲ," ಎಂದ ಅವನು.

"ಎರಡು ತಿಂಗಳಿದೆ."

ಜೂನ್, ಜುಲೈ ಎರಡೂ ಹಾಗೆ ಕಳೆದವು. ಸಚ್ಚಿದಾನಂದ ಅನ್ನ ಸೀಸಿದ, ಬೇಳೆ ಉಕ್ಕಿಸಿದ, ದ್ಯಾಮವ್ವ ಹೇಳಿಕೊಡುವಾಗ ಎರಡು ಸಲ ರೇಗಿ ಅಡುಗೆಮನೆಯಿಂದ ಹೊರಗೆ ನಡೆದ. ಮೂರನೆಯ ಸಲ ರೇಗಿದಾಗ ಅವಳೂ ರೇಗಿದಳು: "ನಾ ನಿಮ್ಮಪ್ಪನ ಮನಿಗೆ ಬಂದಾಗ ನಂಗೂ ಬರ್ತಿದ್ದಿಲ್ಲ. ನನಗ ಯಾರು ಎರಡು ತಿಂಗಳು ಕೊಟ್ಟಿದ್ದರು?" ಫ್ರಿಜ್ಜು, ಮಂಚಗಳು ಒಂದೊಂದಾಗಿ ಮಾರಾಟವಾದವು. ಕೊನೆಯ ವಾರ ನೆಲದ ಮೇಲೆ ಮಲಗಿದರು. ಅವನು ಮಾಡಿದ ಹುಳಿಯನ್ನು ನೆಲದ ಮೇಲೇ ಕೂತು ತಿಂದರು. ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಆಗಸ್ಟಿನಲ್ಲಿ ಎಲ್ಲರೂ ಒಟ್ಟಿಗೇ ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಂದರು. ತಾಯಿ ಮಗನದು ಬೆಂಗಳೂರಿನ ವಿಮಾನ, ತಾಯಿ ಮಗಳದು ಲಂಡನ್ನಿನದು. ದ್ಯಾಮವ್ವನಿಗೆ ಗಾಲಿಕುರ್ಚಿ ಹೇಳಿದ್ದರು. ಅವಳು ಅದರಲ್ಲಿ ಕೂತು, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು, ಸುತ್ತ ಹೋಗುವವರನ್ನೆಲ್ಲ ನೋಡುತ್ತಿದ್ದಳು. ಐಶ್ವರ್ಯಾ ಅಜ್ಜಿಯ ಪಕ್ಕದಲ್ಲಿ ಮಂಡಿಯೂರಿ ಅವಳ ಕಾಲಿನ ಮೇಲೆ ಶಾಲು ಸರಿಮಾಡುತ್ತಿದ್ದಳು.

ಬೆಂಗಳೂರಿನ ಸಾಲು ಚಲಿಸತೊಡಗಿತು. ಸಚ್ಚಿದಾನಂದ ಗಾಲಿಕುರ್ಚಿಯ ಹಿಡಿಕೆ ಹಿಡಿದು ನಿಂತವನು ಅನುವಿನ ಕಡೆ ಬಾಗಿ, ಅವ್ವನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ:

"ಅನು, ನಾಳೆ ನನಗ ವೀಸಾ ಸಿಕ್ಕರ... ಅವ್ವನ್ನ ಏನ್ ಮಾಡ್ಲಿ?"

ಅವನ ಕಣ್ಣುಗಳಲ್ಲಿ ನಿಜವಾದ ಭಯವಿತ್ತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಏಪ್ರಿಲ್ ತಿಂಗಳಲ್ಲಿ ಅತ್ತೆ ಕೇಳಿದ್ದೂ ಅದನ್ನೇ," ಎಂದಳು. "ಒಲೆ ಮುಂದೆ ನಿಂತು, ಎರಡು ಸಲ ಕೇಳಿದ್ರು. ಆಗ ನೀವು ನೀರು ಕುಡಿದ್ರಿ. ಕಾಗದದ ಮೇಲೆ ಗೀಟು ಎಳೆಯೋ ಮೊದಲು ಕೇಳ್ಕೋಬೇಕಿತ್ತು ನೀವು ಇದನ್ನ."

ಹಿಂದಿನವರು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದರು. ಅನು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. ದ್ಯಾಮವ್ವ ಅವಳ ತಲೆಯ ಮೇಲೆ ಕೈಯಿಟ್ಟು, ರೊಟ್ಟಿಯ ಗಂಟನ್ನು ಅವಳ ಕೈಗೆ ತುರುಕಿದಳು. ಸಚ್ಚಿದಾನಂದ ತಾಯಿಯನ್ನು ತಳ್ಳಿಕೊಂಡು ಮುಂದೆ ಹೋದ. ಅನು ಮಗಳನ್ನು ಕರೆದುಕೊಂಡು ಹೋಗಿ ತನ್ನ ಸಾಲಿನಲ್ಲಿ ನಿಂತಳು.